ದಾಯಾದಿಯ ಹೊಲ ಸುತ್ತಿ ಹೋಗುವ ಮೋಟಾರು

ಕಾಕಾನ ಬಲಭುಜ ಕೈಕೊಟ್ಟಿತು, ಅದರಿಂದಾಗಿ ನಾನು ಮೀನಿನ ದೋಣಿಗೆ ಹಾಕುವ ಮೋಟಾರುಗಳ ಪಂಡಿತೆಯಾದೆ. ಜಮಖಂಡಿಯ ಎಲುಬಿನ ಡಾಕ್ಟರು ಅವನ ಕೈಯನ್ನು ಮೇಲೆತ್ತಿಸಿ, ಹಿಂದಕ್ಕೆ ತಿರುಚಿ, ಅವನು 'ಅಯ್ಯಯ್ಯೋ' ಅಂದ ಜಾಗದಲ್ಲೇ ಇನ್ನೊಮ್ಮೆ ಒತ್ತಿ ನೋಡಿ, "ಇನ್ನ ಹುಟ್ಟು ಹಾಕೂದು ಬಿಡ್ರಿ. ಇಲ್ಲಾಂದ್ರ ಈ ಕೈಲೆ ಊಟಾ ಮಾಡೂದೂ ಆಗಂಗಿಲ್ಲ" ಅಂದರು. ಕಾಕಾ ಹೊರಗೆ ಬಂದು, ಆ ಡಾಕ್ಟರಿಗೆ ಈಜು ಬರುವುದಿಲ್ಲ, ಅವರ ಮುಖ ನೋಡಿದರೇ ಗೊತ್ತಾಗುತ್ತದೆ ಎಂದ. ಔಷಧ ಮಾತ್ರ ತಪ್ಪದೆ ತೆಗೆದುಕೊಂಡ.

ಕಾಕಾ ಅಂದರೆ ನನ್ನ ಅಪ್ಪನ ತಮ್ಮ. ಬೀಳಗಿ ತಾಲೂಕಿನಲ್ಲಿ, ಹಿನ್ನೀರಿನ ದಂಡೆಯ ಮೇಲೆ ಸರಕಾರ ಕಟ್ಟಿಕೊಟ್ಟ ಹೊಸ ಊರಿನಲ್ಲಿ ಇರುತ್ತಾನೆ. ಹಳೆಯ ಊರು, ಹಳೆಯ ಹೊಲ ಎರಡೂ ನೀರಿನಡಿ ಇವೆ. ಮುಳುಗಡೆಯಾದ ಮೇಲೆ ಉಳಿದವರು ಬೇರೆ ಕಡೆ ಭೂಮಿ ಹಿಡಿದರು, ಅಂಗಡಿ ಇಟ್ಟರು, ಕೆಲವರು ಪರಿಹಾರದ ರೊಕ್ಕದಲ್ಲಿ ಭರ್ಜರಿ ಮದುವೆ ಮಾಡಿ ಕೈ ತೊಳೆದುಕೊಂಡರು. ಕಾಕಾ ಒಂದು ಪುಟ್ಟ ಫೈಬರ್ ದೋಣಿ ತಂದು, ಮೀನು ಹಿಡಿಯುವ ಲೈಸೆನ್ಸ್ ಮಾಡಿಸಿಕೊಂಡು, ಸೀದಾ ತನ್ನ ಹೊಲದ ಮೇಲೆಯೇ ಹೋಗಿ ಬಲೆ ಬಿಟ್ಟ. ಬೇಸಿಗೆಯಲ್ಲಿ ಉಳಿದವರ ಹೊಲಗಳು ಅಷ್ಟಿಷ್ಟು ಮೈ ತೋರಿಸುತ್ತವೆ. ನಮ್ಮದು ತಗ್ಗಿನ ಹೊಲ, ಹನ್ನೆರಡು ತಿಂಗಳೂ ನೀರಿನೊಳಗೇ ಇರುತ್ತದೆ. "ಹೊಲಾ ಎಲ್ಲೂ ಓಡಿ ಹೋಗಿಲ್ಲಬೇ, ಅಲ್ಲೇ ಐತಿ" ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ.

ಇಂಥವನು ಮನೆಯಲ್ಲಿ ಕೂತರೆ ಏನಾಗಬೇಕೋ ಅದೇ ಆಯಿತು. ಕಾಕು, ಅಂದರೆ ಅವನ ಹೆಂಡತಿ, ರೊಟ್ಟಿ ಬಡಿಯುವ ಸಪ್ಪಳ ಜಾಸ್ತಿಯಾಯಿತು ಎಂದ. ಟಿವಿಯಲ್ಲಿ ವಾರ್ತೆ ಓದುವ ಹುಡುಗಿಯ ಜೊತೆ ವಾದಕ್ಕಿಳಿದ. ಓಣಿಯ ನಾಯಿಗಳಿಗೆ ಶಿಸ್ತು ಕಲಿಸಲು ಹೋಗಿ ಧೋತರ ಹರಿಸಿಕೊಂಡು ಬಂದ. ಹೆಂಡತಿಯಾದವಳು ಎಷ್ಟು ತಡೆದಾಳು? ಒಂದು ರವಿವಾರ ನಾನು ಹೋದಾಗ ಕಾಕು ನನ್ನೆದುರಿಗೇ ತೀರ್ಮಾನ ಹೇಳಿದಳು.

"ಕರೆಂಟಿನ ಮೋಟಾರ್ ತರ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಒಂದ ಮಾತು. ನಡುನೀರಾಗ ನಿಂತು, ಯಾರರ ನಿಮ್ಮನ್ನ ಹಗ್ಗಾ ಕಟ್ಟಿ ಎಳಕೊಂಡು ಬಂದ್ರಂದ್ರ ಅವತ್ತಿಗೆ ಬೋಟ್ ಮುಗೀತು. ಎಳಕೊಂಡು ಬಂದವ್ರಿಗೇ ಕೊಟ್ಟು ಕಳಿಸ್ತೇನಿ. ಹೊಳ್ಳಿ ಹೊಳಿ ಹೆಸರ ಎತ್ತಬಾರದು."

ಕಾಕು ಹೇಳಿದ್ದನ್ನು ಮಾಡುವವಳು. ಕಾಕಾನಿಗೂ ಅದು ಗೊತ್ತಿತ್ತು. ಇಬ್ಬರೂ ನನ್ನ ಕಡೆ ನೋಡಿದರು. ನಾನು ಜಮಖಂಡಿಯಲ್ಲಿ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಕಲಿಸುತ್ತೇನೆ. ಆ ಕಾರಣಕ್ಕೆ ಶಾಕ್ ಹೊಡೆಯುವ ಯಾವ ವಸ್ತುವೇ ಇರಲಿ, ಅದು ನನಗೆ ಗೊತ್ತಿರುತ್ತದೆ ಎಂದು ಇಡೀ ಮನೆತನ ನಂಬಿದೆ.

ಮೊದಲನೆಯ ಕಿರಿಕಿರಿ ಎಚ್‌ಪಿಯದು. ನಮ್ಮ ಕಡೆ ಎಚ್‌ಪಿ ಕೇಳದೆ ಯಾವ ಯಂತ್ರವನ್ನೂ ಮುಟ್ಟುವುದಿಲ್ಲ. ಬಾಡಗಂಡಿಯ ಸಕ್ಕರೆ ಕಾರ್ಖಾನೆಯ ಕಡೆಗೆ ಎರಡೆರಡು ಟ್ರೇಲರ್ ಕಬ್ಬು ಕಟ್ಟಿಕೊಂಡು, ಹಾಡು ಹಚ್ಚಿಕೊಂಡು ಹೋಗುವ ಟ್ರ್ಯಾಕ್ಟರಿನವರು ಒಬ್ಬರನ್ನೊಬ್ಬರು ಮಾತಾಡಿಸುವುದೇ ಎಚ್‌ಪಿಯಿಂದ. ಅಳಿಯಂದಿರ ಬೆನ್ನ ಮೇಲೆ ಎಚ್‌ಪಿ ಬರೆದಿದ್ದರೆ ಹೆಣ್ಣು ಕೊಡುವ ಕೆಲಸ ಎಷ್ಟೋ ಸುಲಭವಾಗುತ್ತಿತ್ತು. ಆದರೆ ಈ ದೋಣಿಯ ಮೋಟಾರಿನ ಮೇಲೆ ಎಚ್‌ಪಿ ಇರುವುದಿಲ್ಲ. ಅದು ನೀರನ್ನು ಎಷ್ಟು ಜೋರಿನಿಂದ ಹಿಂದಕ್ಕೆ ತಳ್ಳುತ್ತದೆ ಎಂಬುದನ್ನು ಪೌಂಡಿನ ಲೆಕ್ಕದಲ್ಲಿ ಹೇಳುತ್ತಾರೆ.

"ಪೌಂಡ್ ಅಂದ್ರ, ಬೇಕರಿಯಾಗ ಕೇಕಿಗೆ ಹೇಳ್ತಾರಲ್ಲಬೇ, ಅದ?" ಎಂದ ಕಾಕಾ.

"ಅದs. ಕಾಕಾ, ನಿನ್ನ ಬೋಟಿಗೆ ಬೇಕಾಗೂದು ನಮ್ಮ ಮಿಕ್ಸಿಗೆ ಬೇಕಾಗೂವಷ್ಟ ಕರೆಂಟ್."

ಇದನ್ನು ಹೇಳಬಾರದಿತ್ತು. ಕಾಕಾ ಎರಡು ದಿನ ಮುಖ ಗಂಟಿಕ್ಕಿಕೊಂಡ. ಚಟ್ನಿ ಅರೆಯುವ ಸಾಮಾನು ಕಟ್ಟಿಕೊಂಡು ಹೊಳೆಯಲ್ಲಿ ಹೋದರೆ ಮೀನುಗಳಾದರೂ ಏನಂದುಕೊಂಡಾವು ಎಂಬುದು ಅವನ ಚಿಂತೆ.

ಸುದ್ದಿ ಬನಹಟ್ಟಿ ಮುಟ್ಟಿತು. ಅಲ್ಲಿ ನನ್ನ ತಾಯಿಯ ಅಣ್ಣ ಇದ್ದಾನೆ, ಪವರ್‌ಲೂಮ್ ಇಟ್ಟುಕೊಂಡವನು. ಮಗ್ಗದ ಗದ್ದಲದಲ್ಲೇ ಬಾಳು ಸವೆಸಿದ್ದರಿಂದ ಮಾವನಿಗೆ ಮೆಲ್ಲಗೆ ಮಾತಾಡುವುದು ಗೊತ್ತಿಲ್ಲ. ಗುಟ್ಟು ಹೇಳಿದರೂ ಮೂರು ಮನೆಗೆ ಕೇಳಿಸುತ್ತದೆ. ಅವನು ಮಗ್ಗದಿಂದ ಬಿಚ್ಚಿದ ಹಳೆಯ ಮೋಟಾರೊಂದನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ಬಂದೇಬಿಟ್ಟ.

"ಇದಕ್ಕೊಂದು ಫ್ಯಾನಿನ ಪಂಕಾ ವೆಲ್ಡಿಂಗ್ ಹೊಡಿಸಿದ್ರ ಆತು! ಹೊಸಾದು ಯಾಕ ಬೇಕು?"

"ಮಾವಾ, ಇದು ಮನೀ ಕರೆಂಟಿನ ಮೋಟಾರು. ಹೊಳಿಯಾಗ ಕರೆಂಟ್ ಎಲ್ಲಿಂದ ತರ್ತಿ?"

"ವಾಯರ್ ಎಳಿಯೂಣು! ನನ್ನ ಕಡೆ ಜಗ್ಗ ವಾಯರ್ ಐತಿ!"

ಕಾಕಾ ಗಂಭೀರವಾಗಿ ವಿಚಾರ ಮಾಡಿ, "ನಡುವ ಕರೆಂಟ್ ಹೋದ್ರ ಹೆಂಗ?" ಎಂದ. ಮಾವನೂ ಗಲ್ಲ ಕೆರೆದುಕೊಂಡು ಅದೊಂದು ತೊಂದರೆ ಇದೆ ಎಂದು ಒಪ್ಪಿದ. ನೀರಿನೊಳಗೆ ವಾಯರ್ ಬಿಟ್ಟುಕೊಂಡು ಹೋದರೆ ಇಬ್ಬರೂ ಮೀನುಗಳ ಸಮೇತ ತೇಲುತ್ತಾರೆ ಎಂಬ ಸಂಗತಿ ಚರ್ಚೆಗೇ ಬರಲಿಲ್ಲ. ಚಹಾ ಕುಡಿದು ಮಾವ ಮೋಟಾರನ್ನು ಹೊತ್ತುಕೊಂಡು ಹೋದ, ಬೇಸರದಿಂದಲೇ ಹೋದ.

ನಾನು ಮೊಬೈಲಿನಲ್ಲಿ ವಿಡಿಯೋ ತೋರಿಸಲು ಶುರು ಮಾಡಿದೆ. ಎಲ್ಲವೂ ಪರದೇಶದ ಕೆರೆಗಳು. ದಪ್ಪನೆಯ ಗಂಡಸರು ಟೊಪ್ಪಿಗೆ ಹಾಕಿಕೊಂಡು, ಕಾಲಿನಿಂದಲೇ ಮೋಟಾರು ತಿರುಗಿಸುತ್ತ, ಹಿಡಿದ ಮೀನಿಗೆ ಮುತ್ತು ಕೊಟ್ಟು ಮತ್ತೆ ನೀರಿಗೆ ಬಿಡುತ್ತಿದ್ದರು. ಅದನ್ನು ನೋಡಿ ಕಾಕಾನಿಗೆ ಮೋಟಾರಿನ ಮೇಲಿದ್ದ ವಿಶ್ವಾಸವೇ ಹೋಯಿತು. ಆಕಾಶದ ಉಪಗ್ರಹ ನೋಡಿಕೊಂಡು ದೋಣಿಯನ್ನು ನಿಂತಲ್ಲೇ ನಿಲ್ಲಿಸುವ ಮೋಟಾರು ಒಂದಿತ್ತು. ಕಾಕಾ ಎದ್ದು ಹೋಗಿ, ಹಗ್ಗ ಕಟ್ಟಿದ ತನ್ನ ಲಂಗರು ಕಲ್ಲು ತಂದು ನನ್ನ ಮುಂದೆ ಇಟ್ಟು, "ಇದಕ್ಕೇನಾಗೇತಿ?" ಎಂದು ಕೇಳಿದ. ಏನೂ ಆಗಿರಲಿಲ್ಲ.

ಕೊನೆಗೆ ದೊಡ್ಡ ಪೇಟೆಯ ಅಂಗಡಿಯೊಂದಕ್ಕೆ ಫೋನ್ ಹಚ್ಚಿದೆ. ಆ ಕಡೆಯ ಹುಡುಗ ಬಹಳ ನಯ. "ಮೇಡಂ, ಸಮುದ್ರಕ್ಕೆ ಅಂತಲೇ ಮಾಡಿರೋ ಮಾಡೆಲ್ ತಗೊಳ್ಳಿ, ಉಪ್ಪು ನೀರಿಗೂ ಏನೂ ಆಗಲ್ಲ" ಎಂದ. ಬೀಳಗಿಗೆ ಸಮುದ್ರ ಬರಲು ಇನ್ನೂ ಸ್ವಲ್ಪ ತಡವಿದೆ ಎಂದೆ. ಮೋಟಾರಿನ ದಂಡ ಎಷ್ಟು ಉದ್ದ ಬೇಕು ಎಂದು ಕೇಳಿದ. ಕಾಕು ಜಂಪರ್ ಹೊಲಿಯುವ ಅಳತೆಗೆ ಇಟ್ಟುಕೊಂಡ ಟೇಪಿನಿಂದ ದೋಣಿಯ ಹಿಂಭಾಗ ಅಳೆದೆವು. ಗಿಡ್ಡನೆಯದೇ ಸಾಕಾಗುತ್ತಿತ್ತು, ಉದ್ದದ್ದು ತಂದರೆ ನೀರಿನಡಿಯ ಜಾಲಿ ಗಿಡಗಳಿಗೆ ತಗುಲುತ್ತಿತ್ತು. ಇಲ್ಲಿಯವರೆಗೆ ಎಲ್ಲ ಸುಸೂತ್ರ. ಆಮೇಲೆ ಆ ಹುಡುಗ, "ಅವರು ಒಂದು ಸಲಕ್ಕೆ ಎಷ್ಟು ದೂರ ಹೋಗ್ತಾರೆ ಮೇಡಂ? ಅದರ ಮೇಲೆ ಬ್ಯಾಟರಿ" ಎಂದ.

ಕಾಕಾ ಹೋಗುವುದು ನಮ್ಮ ಹಳೆಯ ಬಾವಿಯ ತನಕ. ಮುಳುಗಿದ ಆ ಬಾವಿಯ ಕಲ್ಲಿನ ಸುತ್ತ ಮೀನು ಕೂಡುತ್ತವೆ. ದಂಡೆಯಲ್ಲಿ ನಿಂತರೆ ಆ ಜಾಗ ಕಣ್ಣಿಗೆ ಕಾಣುತ್ತದೆ, ಒಣಗಿದ ಜಾಲಿಯ ತುದಿಯೊಂದು ನೀರಿನಿಂದ ಮೇಲೆ ಎದ್ದಿದೆ. ಇಷ್ಟೇ ದೂರಕ್ಕೆ ಸಣ್ಣ ಮೋಟಾರು, ಒಂದೇ ಬ್ಯಾಟರಿ ಸಾಕು ಎಂದೆ.

"ಹಂಗ ಸೀದಾ ಹೆಂಗ ಹೋಗಾಕ ಬರತೈತಿ?" ಎಂದ ಕಾಕಾ. "ಸುತ್ತ ಹಾಕಿ ಹೋಗಬೇಕು."

"ಯಾಕ? ನಡುವ ಏನೈತಿ?"

"ಆಂವನ ಹೊಲ ಐತಿ."

ನಾನು ನೋಡಿದೆ. ನೀರಿತ್ತು. ಒಂದು ಬೆಳ್ಳಕ್ಕಿ ಹಾರಿ ಹೋಯಿತು. ಮತ್ತೆ ನೀರೇ ಇತ್ತು.

ಆಂವ ಅಂದರೆ ಕಾಕಾನ ದೊಡ್ಡಪ್ಪನ ಮಗ. ವರಸೆಯಲ್ಲಿ ನನಗೆ ದೊಡ್ಡಪ್ಪ. ನಮ್ಮ ಹೊಲಕ್ಕೂ ಊರಿಗೂ ನಡುವೆ ಅವನ ಹೊಲ ಇತ್ತು. ಅದರೊಳಗಿಂದ ನಮಗೆ ಹಾದು ಹೋಗುವ ದಾರಿ ಇದೆ ಎಂದು ಕಾಕಾ, ಇಲ್ಲ ಎಂದು ಅವನು, ಇಬ್ಬರೂ ಜಮಖಂಡಿ ಕೋರ್ಟಿನ ಮೆಟ್ಟಿಲು ಸವೆಸಿದರು. ಕಾಕಾ ಸೋತ. ಆ ಹೊಲದಲ್ಲಿ ಕಾಲಿಡಕೂಡದು ಎಂದು ಹುಕುಂ ಆಯಿತು. ಅಂದಿನಿಂದ ಇಬ್ಬರಿಗೂ ಮಾತು ನಿಂತಿತು, ಕಾಕಾ ಬಂಡಿದಾರಿ ಹಿಡಿದು, ಅವನ ಹೊಲಕ್ಕೆ ದೊಡ್ಡ ಸುತ್ತು ಹಾಕಿ ತನ್ನ ಹೊಲಕ್ಕೆ ಹೋಗುತ್ತಿದ್ದ. ಆಮೇಲೆ ನೀರು ಬಂದು ಹೊಲ, ಬಂಡಿದಾರಿ, ಬಾವಿ ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದಿತು. ಕಾಕಾ ಮಾತ್ರ ದೋಣಿಯಲ್ಲೂ ಬಂಡಿದಾರಿ ಬಿಡಲಿಲ್ಲ. ಗುಡ್ಡದ ಗುಡಿಯ ಕಳಸ, ಹೊಸ ಊರಿನ ನೀರಿನ ಟಾಕಿ, ಎರಡೂ ಒಂದೇ ಗೆರೆಗೆ ಬಂದವೆಂದರೆ ಅದು ದೊಡ್ಡಪ್ಪನ ಹೊಲದ ಬದು, ಅಲ್ಲಿ ಎಡಕ್ಕೆ ಹೊರಳಬೇಕು. ಇಷ್ಟು ವರ್ಷ ಹೀಗೆ ಹುಟ್ಟು ಹಾಕಿದ್ದಾನೆ. ಭುಜ ಸುಮ್ಮನೆ ಹೋಗಿರಲಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. "ಕಾಕಾ, ನೀರಿನ ಮ್ಯಾಲ ಹೋದ್ರ ಹೊಲದಾಗ ಕಾಲಿಟ್ಟಂಗ ಆಗಂಗಿಲ್ಲ."

"ವಿಮಾನದಾಗ ಕುಂತು ಮುಂಬೈ ಮ್ಯಾಲ ಹಾಯ್ದು ಹೋದ್ರೂ ಮುಂಬೈ ಮ್ಯಾಲ ಹಾಯ್ದಂಗs ಅಲ್ಲೇನು?"

"ಆ ಹೊಲ ಈಗ ಸರಕಾರದ್ದು."

"ಸರಕಾರ ಬಂದು, ದಾರಿ ಕೊಟ್ಟೇನಿ ಹೋಗಪಾ ಅಂತ ನನಗ ಹೇಳೇತೇನು?"

ತಲೆ ಮೊಸರುಗಡಿಗೆಯಾಯಿತು. ಕಾನೂನಿನವರೇ ಹೇಳಲಿ ಎಂದು ಕಾಕಾನನ್ನು ಜಮಖಂಡಿಗೆ ಕರೆಸಿ, ಆ ಕೇಸು ಸೋತ ವಕೀಲರ ಹತ್ತಿರವೇ ಕರೆದುಕೊಂಡು ಹೋದೆ. ಸೋತ ಮೇಲೆ ಅವರು ನಮ್ಮ ಮನೆಯವರೇ ಆಗಿಬಿಟ್ಟಿದ್ದರು, ನಮ್ಮ ಯಾವ ಮದುವೆಯ ಊಟವನ್ನೂ ತಪ್ಪಿಸಿದವರಲ್ಲ. ಎಲ್ಲ ಕೇಳಿದ ಮೇಲೆ ಅವರು ನಗುತ್ತಾರೆ ಎಂದುಕೊಂಡಿದ್ದೆ. ಅವರು ಚಷ್ಮಾ ತೆಗೆದು ಒರೆಸಿ, "ಪಾಯಿಂಟ್ ಐತ್ರೀ ಇದರಾಗ" ಎಂದರು. "ಭೂಮಿ ಮ್ಯಾಲಿನ ದಾರಿ ಬ್ಯಾರೆ, ನೀರಿನ ಮ್ಯಾಲಿನ ದಾರಿ ಬ್ಯಾರೆ. ಹೊಸಾದೊಂದು ದಾವೆ ಹಾಕಬಹುದು." ಕಾಕಾನ ಕಣ್ಣು ಅರಳಿದವು. ನಾನು ಅವನ ಒಳ್ಳೆಯ ಭುಜ ಹಿಡಿದು ಹೊರಗೆ ಎಳೆದುಕೊಂಡು ಬಂದೆ.

ಇನ್ನು ಉಳಿದದ್ದು ಲೆಕ್ಕ. ಆ ಸುತ್ತು ಹಾಕಿ, ಗಾಳಿಗೆ ಎದುರಾಗಿ ಮನೆ ಮುಟ್ಟಬೇಕೆಂದರೆ ದೊಡ್ಡ ಮೋಟಾರು ಬೇಕು, ಅದಕ್ಕೆ ಎರಡು ಬ್ಯಾಟರಿ ಬೇಕು. ಒಂದನ್ನು ಕಾಕಾ ಕಾಕು ಇಬ್ಬರೂ ಹಿಡಿದು ದಂಡೆಗೆ ಒಯ್ಯಬಲ್ಲರು. ಎರಡನ್ನು ದಿನಾ ಹೊರುವುದು ಆಗದ ಮಾತು, ಹೊತ್ತರೂ ದೋಣಿಯ ಹಿಂಭಾಗ ಕುಸಿದು ನೀರು ನುಗ್ಗುತ್ತದೆ. ಹಗುರಾದ ಲಿಥಿಯಂ ಬ್ಯಾಟರಿಯ ಬೆಲೆ ಹೇಳಿದೆ, ಕಾಕು ಹಾಲು ಉಕ್ಕಿತೇನೋ ನೋಡುತ್ತೇನೆಂದು ಎದ್ದು ಹೋದಳು. ಸೀದಾ ಹೋದರೆ ಸಣ್ಣ ಮೋಟಾರು, ಒಂದು ಬ್ಯಾಟರಿ, ಕಾಕಾನ ಹೊಳೆ ಕಾಕಾನಿಗೆ. ಸುತ್ತು ಹಾಕಿದರೆ ಇಂದಲ್ಲ ನಾಳೆ ನಡುನೀರಿನಲ್ಲಿ ನಿಂತು ದೋಣಿ ಕಳೆದುಕೊಳ್ಳುವುದು ಖಾತ್ರಿ. ಇದನ್ನು ಬಿಡಿಸಿ ಹೇಳಿದೆ.

"ಆತು ಬಿಡಬೇ, ಸೀದಾನ ಹೋಗ್ತೇನಿ" ಎಂದ ಕಾಕಾ. ಇಷ್ಟು ಬೇಗ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಸಣ್ಣ ಮೋಟಾರು ಬಂತು. ಪೂಜೆ ಆಗಬೇಕಲ್ಲ. ಗಾಡಿಯಾದರೆ ಗಾಲಿಯ ಕೆಳಗೆ ಲಿಂಬೆಹಣ್ಣು ಇಡುತ್ತಾರೆ, ಇದಕ್ಕೆ ಗಾಲಿ ಇಲ್ಲ. ಕಾಕು ಮೋಟಾರಿನ ಪಂಕಾದ ರೆಕ್ಕೆಗೆ ಒರಗಿಸಿ ಲಿಂಬೆಹಣ್ಣು ಇಟ್ಟಳು, ಕಾಕಾ ಹಿಡಿಕೆ ತಿರುಗಿಸಿದ. ಹಣ್ಣು ಹಾರಿ ಹೋಗಿ ಮಾವನ ಇಸ್ತ್ರಿ ಅಂಗಿಗೆ ಬಡಿಯಿತು. ಮಗ್ಗದ ಮೋಟಾರು ಹೀಗೆಲ್ಲ ಮಾಡುತ್ತಿರಲಿಲ್ಲ ಎಂದು ಮಾವ ಊರಿಗೆಲ್ಲ ಕೇಳುವಂತೆ ಹೇಳಿದ. ಕಾಕು ಎರಡೂ ಹುಟ್ಟುಗಳನ್ನು ಮನೆಯೊಳಗೆ ಇಟ್ಟು ಬೀಗ ಹಾಕಿದಳು, ಮತ್ತೆ ಭುಜಕ್ಕೆ ಕೆಲಸ ಕೊಡಬಾರದೆಂದು. ನನ್ನನ್ನು ಸಾಕ್ಷಿಗೆಂದು ದೋಣಿ ಹತ್ತಿಸಿದಳು.

ಖರೆ ಹೇಳುತ್ತೇನೆ, ಆ ದಿನದ ಮೊದಲ ಅರ್ಧ ನನಗೆ ಬಹಳ ಖುಷಿ ಕೊಟ್ಟಿತು. ಸಪ್ಪಳವೇ ಇಲ್ಲ. ಕಾಕಾ ಎಡಗೈಯಿಂದ ಹಿಡಿಕೆ ಹಿಡಿದು, ಎದೆ ಸೆಟೆಸಿ ಕೂತಿದ್ದ. ಎಷ್ಟೋ ತಿಂಗಳ ಮೇಲೆ ಅವನ ಮುಖದ ಗಂಟು ಬಿಚ್ಚಿತ್ತು. ಅಷ್ಟರಲ್ಲಿ ಕಳಸ, ಟಾಕಿ ಒಂದೇ ಗೆರೆಗೆ ಬಂದವು. ದೋಣಿ ಎಡಕ್ಕೆ ಹೊರಳಿತು.

"ಕಾಕಾ!"

"ಇದೊಂದ ಸಲಬೇ. ಹೊಸಾ ಮೋಟಾರ್ ಐತಿ, ತಾಕತ್ತು ನೋಡೂಣು."

ತಾಕತ್ತು ನೋಡಲು ಅವನು ಹಿಡಿಕೆಯನ್ನು ಎಲ್ಲಕ್ಕಿಂತ ಜೋರಿನ ಐದಕ್ಕೆ ತಿರುಗಿಸಿದ. ಹೋಗುವಾಗ ಗಾಳಿ ಬೆನ್ನಿಗಿತ್ತು, ಮುಟ್ಟಿದೆವು. ಬಲೆ ಬಿಟ್ಟೆವು, ಮೀನೂ ಬಿದ್ದವು. ಬರುವಾಗ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು, ಆದರೂ ಮತ್ತೆ ಸುತ್ತು. ನಾನು ಬೈದೆ, ಬೇಡಿಕೊಂಡೆ, ಓಮ್ಸ್ ಲಾ ಹೇಳಿದೆ. ಮೋಟಾರಿನ ತಲೆಯ ಮೇಲಿನ ಹಸಿರು ದೀಪ ಹಳದಿಯಾಯಿತು, ಹಳದಿ ಕೆಂಪಾಯಿತು, ಪಂಕಾ ನಿಂತಿತು. ಗಾಳಿ ನಮ್ಮನ್ನು ಅಡ್ಡಕ್ಕೆ ನೂಕಿಕೊಂಡು ಹೊರಟಿತು. ಕಾಕಾ ಒಮ್ಮೆ ಕಳಸ ನೋಡಿದ, ಒಮ್ಮೆ ಟಾಕಿ ನೋಡಿದ.

"ಒಳಗ ಬಂದೇವಿ" ಎಂದ.

"ಕಲ್ಲರೆ ಇಳಿಬಿಡು, ನಿಲ್ಲೂಣು."

"ಕಲ್ಲು ಒಗದ್ರ ಆಂವನ ಹೊಲದಾಗ ಬೀಳತೈತಿ."

ನಾನು ಆ ಕಲ್ಲನ್ನು ಕಾಕಾನ ತಲೆಯ ಮೇಲೆ ಹಾಕಲಿಲ್ಲ, ನೀರಿಗೇ ಹಾಕಿದೆ. ದೋಣಿ ಜಗ್ಗಿ ನಿಂತಿತು.

ಆಗ ನಾನು ದೊಡ್ಡಪ್ಪನನ್ನು ಕಂಡೆ. ಅವನೂ ಮೀನು ಹಿಡಿಯುವವನೇ. ಸ್ವಲ್ಪ ದೂರದಲ್ಲಿ ಬಲೆ ಎತ್ತುತ್ತಿದ್ದವನು ನಮ್ಮನ್ನು ನೋಡಿದ, ಬಲೆ ಬಿಟ್ಟು ಹುಟ್ಟು ಹಾಕುತ್ತ ಬಂದ. ಒಂದಿಷ್ಟು ಅಂತರ ಬಿಟ್ಟು ನಿಂತು ಹಗ್ಗ ಕೈಗೆ ತೆಗೆದುಕೊಂಡ. ನೀರಿನಲ್ಲಿ ನಿಂತವರನ್ನು ಎಳೆದು ದಂಡೆಗೆ ಬಿಡುವುದು ಹೊಳೆಯವರ ಪದ್ಧತಿ, ಅಲ್ಲಿ ಮಾತು ಬಿಟ್ಟವರು, ಮಾತು ಇದ್ದವರು ಎಂದು ನೋಡುವುದಿಲ್ಲ. ಆದರೆ ಆ ಹಗ್ಗ ನಮ್ಮ ದೋಣಿಗೆ ಬಿದ್ದರೆ ಕಾಕಾನ ಹೊಳೆ ಅವತ್ತಿಗೆ ಮುಗಿಯಿತು. ಕಾಕು ಮಾತು ತಪ್ಪುವವಳಲ್ಲ, ದೋಣಿ ಹೋಗುವುದೂ ಈ ಮನುಷ್ಯನ ಮನೆಗೇ. ಕಾಕಾ ಬೆನ್ನು ಮಾಡಿ ಕೂತ. ಅಷ್ಟು ಹೊತ್ತು ಅವನ ಮೇಲೆ ಹಲ್ಲು ಕಡಿಯುತ್ತಿದ್ದ ನನಗೆ ಸಂಕಟವಾಯಿತು.

ಬ್ಯಾಟರಿಗೆ ಒಂದು ಗುಣ ಇದೆ, ಸ್ವಲ್ಪ ಹೊತ್ತು ಬಿಟ್ಟರೆ ತುಸು ಚೇತರಿಸಿಕೊಳ್ಳುತ್ತದೆ. ಕೂತಿದ್ದ ಹಾಗೇ ಕೆಂಪು ದೀಪ ಮತ್ತೆ ಹಳದಿಯಾಯಿತು. ನಾನು ಕಾಕಾನ ಕಿವಿಯ ಹತ್ತಿರ ಬಗ್ಗಿದೆ.

"ಈಗ ಸೀದಾ ಹೋದ್ರ ದಂಡಿ ಮುಟ್ಟತೇವಿ, ಯಾರ ಹಗ್ಗಾನೂ ಬ್ಯಾಡ. ಸುತ್ತ ಹಾಕಿದ್ರ ಮುಟ್ಟಂಗಿಲ್ಲ. ನೀನ ನೋಡು."

ಕಾಕಾ ಸೀದಾ ದಾರಿಯನ್ನು ನೋಡಿದ. ಹಿಡಿಕೆಯ ಮೇಲೆ ಕೈ ಇಟ್ಟ, ತೆಗೆದ. ಕೇಳದೆ ಹೊರಟುಬಿಡುತ್ತಾನೆ ಎಂದುಕೊಂಡೆ. ಅವನು ಕೂತಲ್ಲೇ ಪೂರ್ತಿ ತಿರುಗಿ, ಕೋರ್ಟಿನ ಕಟ್ಟೆಯ ಮೇಲೆ ಬಿಟ್ಟು ಬಂದಿದ್ದ ಮಾತನ್ನು ಅಷ್ಟು ವರ್ಷದ ಮೇಲೆ ಆಡಿದ.

"ಹಾದು ಹೋಗಲೇನು?"

ದೊಡ್ಡಪ್ಪ ಬಿಚ್ಚಿದ ಹಗ್ಗವನ್ನು ಸುತ್ತಿ ಇಟ್ಟ. ತಲೆಯ ಮೇಲಿನ ಟವೆಲ್ಲು ಸರಿಮಾಡಿಕೊಂಡು, ನೀರಿನ ಮೇಲೆ ಈ ತುದಿಯಿಂದ ಆ ತುದಿಯ ತನಕ ಕಣ್ಣು ಹಾಯಿಸಿದ.

"ಬೆಳಿ ಏನ ನಿಂತಿಲ್ಲ" ಎಂದ. "ಹೋಗು."

ನಮ್ಮ ಸೀಮೆಯಲ್ಲಿ ಸುಗ್ಗಿ ಮುಗಿದು ಹೊಲ ಬರಿದಾಗಿದ್ದಾಗ ಹಾದು ಹೋಗುವವರಿಗೆ ಹೇಳುವ ಮಾತು ಅದು. ನನಗೆ ನಗು ಗಂಟಲ ತನಕ ಬಂದಿತ್ತು. ಇಬ್ಬರ ಮುಖ ನೋಡಿ ನುಂಗಿಕೊಂಡೆ. ಇಬ್ಬರೂ ನೀರಿನೊಳಗೆ ನೋಡುತ್ತಿದ್ದರು, ನಾನು ನೋಡಿದರೆ ಬರೀ ನೀರು ಕಾಣುತ್ತಿತ್ತು. ಅವರಿಬ್ಬರನ್ನು ಬಿಟ್ಟರೆ ಅಲ್ಲಿ ಹೊಲ ಇದೆ ಎನ್ನುವವರು ಇನ್ನು ಯಾರೂ ಇಲ್ಲ ಎಂದು ಆಗ ಹೊಳೆಯಿತು, ಕಣ್ಣು ತುಂಬಿ ಬಂತು.

ನಾನು ಕಲ್ಲು ಮೇಲೆಳೆದುಕೊಂಡೆ. ಕಾಕಾ ಹಿಡಿಕೆ ಹಿಡಿದು ತಡೆದ.

"ನಾಳಿ?"

"ನಾಳಿಂದು ನಾಳಿ ಕೇಳು."

"ದಿನಾ ಕೇಳಬೇಕೇನು?"

"ಹೊಲಾ ನಂದಲ್ಲೇನು? ದಿನಾ ಕೇಳಬೇಕು."

"ಕೇಳ್ತೇನಿ" ಎಂದ ಕಾಕಾ, ಹಿಡಿಕೆಯನ್ನು ಒಂದಕ್ಕೆ ತಿರುಗಿಸಿ, ಆ ಹೊಲದೊಳಗಿಂದ ಮೆಲ್ಲಗೆ ದಂಡೆಯ ಕಡೆಗೆ ಹೊರಟ.